ಹೆಬ್ಬಾಗಿಲಿಗೆ ಬಂದ ಚಿತ್ರ: ಕಲಾಗುರು ನಂದಲಾಲ ಬೋಸ್

ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪದಲ್ಲಿ ತಲೆಯೆತ್ತಿ ನೋಡಿದ ಯಾತ್ರಿಕನಿಗೆ ಮಾಳಿಗೆಯ ಚಿತ್ರಗಳು ಇಂದಿಗೂ ಕಾಣುತ್ತವೆ. ಹಬ್ಬದ ದಿನ ಮನೆಯಂಗಳದಲ್ಲಿ ಹೆಣ್ಣುಮಕ್ಕಳು ಇಡುವ ರಂಗವಲ್ಲಿ ದಾರಿಹೋಕರೆಲ್ಲರ ಕಣ್ಣಿಗೂ ಬೀಳುತ್ತದೆ. ಭಾರತದೇಶದಲ್ಲಿ ಚಿತ್ರವೆಂಬುದು ಹೀಗೆ ಬಹುಜನರು ಸುಳಿದಾಡುವ ಎಡೆಯಲ್ಲಿಯೇ ಬೆಳೆದುಬಂದ ವಿದ್ಯೆ. ಇಂಗ್ಲಿಷರ ಆಳಿಕೆಯ ಕಾಲದಲ್ಲಿ ಅದು ಗಿಲೀಟಿನ ಚೌಕಟ್ಟಿನೊಳಗೆ ಸೇರಿ, ಜಮೀನ್ದಾರರ ದಿವಾನಖಾನೆಗೂ ಪಟ್ಟಣದ ಪ್ರದರ್ಶನಶಾಲೆಗೂ ಮೀಸಲಾಯಿತು. ನೇಗಿಲು ಹಿಡಿದವನೂ ರಾಟೆ ತಿರುಗಿಸುವವಳೂ ಚಿತ್ರದ ಮೂಲೆಯಲ್ಲಿ ಎಲ್ಲಾದರೂ ಕಾಣಿಸಿಕೊಂಡಾರು. ಆದರೆ ಆ ಚಿತ್ರದೆದುರು ನಿಂತು ನೋಡುವ ಭಾಗ್ಯ ಅವರದಾಗಿರಲಿಲ್ಲ. ಈ ಬೇಲಿಯನ್ನು ಕಿತ್ತು, ಚಿತ್ರವನ್ನು ಮತ್ತೆ ಹೆಬ್ಬಾಗಿಲಿಗೆ ತಂದು, ರಾಷ್ಟ್ರದ ಮಹಾಸಭೆಗೆಂದು ಬಂಡಿ ಹೂಡಿಕೊಂಡು ಬಂದ ಒಕ್ಕಲಿಗನು ಬಾಗಿಲಲ್ಲಿಯೇ ತನ್ನ ರೂಪವನ್ನು ಕಂಡು ಒಳಹೊಗುವಂತೆ ಮಾಡಿದವರು ನಂದಲಾಲ ಬೋಸರು. ವಿದ್ವಾಂಸರು ಅವರನ್ನು ಶಿವಚಿತ್ರಗಳ ಕರ್ತೃವೆಂದು ಕೊಂಡಾಡುತ್ತಾರೆ; ಸಾಮಾನ್ಯ ಜನರು ಸಂವಿಧಾನದ ಮೂಲಪ್ರತಿಯನ್ನು ಅಲಂಕರಿಸಿದವರೆಂದು ಅರಿತಿದ್ದಾರೆ. ಇವೆರಡರ ನಡುವೆ ಅವರು ಬಿದಿರು, ಜೊಂಡು, ಮಣ್ಣು, ಡಾಂಬರು ಮುಂತಾದ ಹೀನವೆನಿಸಿದ ಸಾಮಗ್ರಿಗಳಿಂದ, ನಾಲ್ಕು ದಿನ ನಿಂತು ಅಳಿದುಹೋಗಲೆಂದೇ ಮಾಡಿದ ಕೆಲಸಗಳಿವೆ. ಅವರ ಜೀವಿತದ ಮರ್ಮವನ್ನು ಅರಸುವವರು ಅಲ್ಲಿಯೇ ಅರಸಬೇಕು.

ನಂದಲಾಲರು ೧೮೮೨ನೆಯ ಇಸವಿ ಡಿಸೆಂಬರ್ ೩ರಂದು ಬಿಹಾರ ಪ್ರಾಂತದ ಮುಂಗೇರ್ ಜಿಲ್ಲೆಯ ಖಡಗಪುರದಲ್ಲಿ ಜನಿಸಿದರು. ಮನೆತನ ಬಂಗಾಳದ್ದು. ತಂದೆ ಪೂರ್ಣಚಂದ್ರ ಬೋಸರು ದರಭಂಗಾ ಸಂಸ್ಥಾನದ ಸೇವೆಯಲ್ಲಿದ್ದರು. ತಾಯಿ ಕ್ಷೇತ್ರಮಣಿದೇವಿ ಮನೆಗೆಲಸದ ನಡುವೆ ಮಗುವಿಗಾಗಿ ಕೈಗೆ ಸಿಕ್ಕಿದ ವಸ್ತುಗಳಿಂದಲೇ ಗೊಂಬೆಗಳನ್ನೂ ಆಟಿಕೆಗಳನ್ನೂ ಮಾಡಿಕೊಡುತ್ತಿದ್ದ ಕೈಚಳಕದ ಹೆಂಗಸು. ಬಾಲಕನು ಬಹು ಎಳೆಯ ವಯಸ್ಸಿನಲ್ಲಿಯೇ ಆಕೆಯನ್ನು ಕಳೆದುಕೊಂಡನು. ಊರಿನ ಕುಂಬಾರರ ಕೇರಿಯಲ್ಲಿ ಮೂರ್ತಿಗಳು ಮೂಡುವುದನ್ನು ನೋಡುತ್ತ ನಿಲ್ಲುವುದು, ತಾನೂ ಮಣ್ಣು ಕಲಸಿ ಬೊಂಬೆ ಮಾಡುವುದು, ದುರ್ಗಾಪೂಜೆಯ ಚಪ್ಪರಕ್ಕೆ ಅಲಂಕಾರ ಮಾಡುವುದು ಇವೇ ಅವನ ಮೊದಲ ಪಾಠಗಳಾದುವು. ಮುಂದೆ ಅರ್ಧಶತಮಾನ ಕಳೆದ ಬಳಿಕ ಆತನು ರಾಷ್ಟ್ರಸಭೆಯ ಚಪ್ಪರವನ್ನು ಅಲಂಕರಿಸಿದಾಗ, ಈ ಹಳ್ಳಿಯ ಪೂಜಾಚಪ್ಪರವೇ ಬೃಹದ್ರೂಪ ತಾಳಿ ನಿಂತಿತೆಂದರೆ ತಪ್ಪಾಗದು.

ಹೆಚ್ಚಿನ ವ್ಯಾಸಂಗಕ್ಕೆಂದು ಕಲ್ಕತ್ತೆಗೆ ಬಂದ ತರುಣನಿಗೆ ಶಾಲಾವಿದ್ಯೆ ಒಗ್ಗಲಿಲ್ಲ. ೧೯೦೨ರಲ್ಲಿ ಪ್ರವೇಶಪರೀಕ್ಷೆಯಲ್ಲಿ ಉತ್ತೀರ್ಣನಾದದ್ದೇನೋ ಸರಿಯೆ. ಕಾಲೇಜಿನಲ್ಲಿ ಮೇಲಿಂದ ಮೇಲೆ ಸೋಲು. ೧೯೦೩ರಲ್ಲಿ ಸುಧೀರಾದೇವಿಯೊಡನೆ ವಿವಾಹವಾಯಿತು. ಸಂಸಾರದ ಭಾರ ಬಿದ್ದುದರಿಂದ ಮನೆಯವರು ವಾಣಿಜ್ಯಶಾಸ್ತ್ರಕ್ಕೆ ಹಚ್ಚಿದರು. ಅಲ್ಲಿಯೂ ಕೈಗೂಡಲಿಲ್ಲ. ಕಡೆಗೆ ಹಿರಿಯರ ಮನವೊಲಿಸಿ ಸರಕಾರಿ ಕಲಾಶಾಲೆಗೆ ಸೇರಿದಾಗ ವಯಸ್ಸು ಇಪ್ಪತ್ತೆರಡು ದಾಟಿತ್ತು. ಪರೀಕ್ಷೆಯಲ್ಲಿ ಬಿದ್ದ ಹುಡುಗನನ್ನು ಕೆಲಸಕ್ಕೆ ಬಾರದವನೆಂದು ತಳ್ಳಿಬಿಡುವ ಅಧ್ಯಾಪಕರು ಈ ಭಾಗವನ್ನು ಎರಡು ಸಲ ಓದಿದರೆ ನಷ್ಟವೇನೂ ಇಲ್ಲ.

ಆಗ ಆ ಶಾಲೆಯ ಮುಖ್ಯಸ್ಥರು ಇ. ಬಿ. ಹ್ಯಾವೆಲ್, ಅವರ ಸಹಾಯಕರಾಗಿ ಅವನೀಂದ್ರನಾಥ ಠಾಕೂರರು. ಬಂಗಾಳದ ವಿಭಜನೆಯಾಗಿ ಸ್ವದೇಶೀ ಚಳುವಳಿಯು ಕಾಳ್ಗಿಚ್ಚಿನಂತೆ ಹಬ್ಬಿದ್ದ ದಿನಗಳವು. ಪಾಶ್ಚಾತ್ಯರ ಅನುಕರಣೆಯನ್ನು ಬಿಟ್ಟು ದೇಶೀಯ ಚಿತ್ರಪರಂಪರೆಯನ್ನು ಮತ್ತೆ ಕಂಡುಕೊಳ್ಳಬೇಕೆಂಬ ಹಂಬಲ ಗುರುವಿನಲ್ಲಿತ್ತು. ಅವನೀಂದ್ರನಾಥರ ಆ ಶಿಷ್ಯವೃಂದದಲ್ಲಿ ಕನ್ನಡಿಗರೊಬ್ಬರೂ ಇದ್ದರೆಂಬುದು ಸ್ಮರಣೀಯ. ಮೈಸೂರು ಸಂಸ್ಥಾನದಿಂದ ಹೋಗಿದ್ದ ಕೆ. ವೆಂಕಟಪ್ಪನವರೇ ಅವರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಗಳು ಬರೆದು ೧೯೧೩ರಲ್ಲಿ ಪ್ರಕಟವಾದ, ಹಿಂದೂ ಬೌದ್ಧ ಪುರಾಣಕಥೆಗಳ ಗ್ರಂಥಕ್ಕೆ ನಂದಲಾಲರೂ ವೆಂಕಟಪ್ಪನವರೂ ಚಿತ್ರಗಳನ್ನು ಬರೆದರು. ಮುಂದೆ ಇಬ್ಬರ ದಾರಿಗಳೂ ಕವಲೊಡೆದುವು. ವೆಂಕಟಪ್ಪನವರು ಏಕಾಂತಸಾಧನೆಯ ಕಡು ವ್ರತವನ್ನು ಹಿಡಿದು ಮೈಸೂರು ಬೆಂಗಳೂರುಗಳಲ್ಲಿ ಬಾಳಿದರು. ನಂದಲಾಲರು ಹತ್ತು ಜನರ ನಡುವೆ ಕುಳಿತು ಚಿತ್ರ ಬರೆಯುವ ಹಾದಿಯನ್ನು ತುಳಿದರು. ಎರಡೂ ದೊಡ್ಡ ಹಾದಿಗಳೇ. ಒಂದನ್ನು ಮೇಲೆಂದು ಇನ್ನೊಂದನ್ನು ಕೀಳೆಂದು ತೂಗುವುದು ಸಲ್ಲದು.

ಸತಿ ಮತ್ತು ಶಿವನ ಚಿತ್ರಕ್ಕೆ ದೊರೆತ ಐನೂರು ರೂಪಾಯಿ ಬಹುಮಾನವನ್ನು ನಂದಲಾಲರು ದೇಶಸಂಚಾರಕ್ಕೆ ವಿನಿಯೋಗಿಸಿದರು. ಅದಕ್ಕಿಂತಲೂ ಮುಖ್ಯವಾದುದು ಅಜಂತೆಯ ವಾಸ. ಹೆರಿಂಗ್‌ಹ್ಯಾಮ್ ಎಂಬ ಆಂಗ್ಲ ಮಹಿಳೆ ಅಲ್ಲಿಯ ಗುಹಾಚಿತ್ರಗಳ ಪ್ರತಿಗಳನ್ನು ಸಿದ್ಧಪಡಿಸಲು ಬಂದಾಗ, ಸೋದರಿ ನಿವೇದಿತಾ ಅವರ ಪ್ರೇರಣೆಯಿಂದ ಅವರೂ ಸಹಪಾಠಿಗಳೂ ಆ ಕಾರ್ಯಕ್ಕೆ ನೆರವಾದರು. ೧೯೦೯-೧೦ರ ಆ ದಿನಗಳಲ್ಲಿ ಗುಹೆಯ ಮಬ್ಬುಗತ್ತಲೆಯಲ್ಲಿ ಒಂದೊಂದು ಗೆರೆಯನ್ನೂ ಮತ್ತೆ ಬರೆಯುತ್ತಿದ್ದ ತರುಣನಿಗೆ ರೇಖಾಪಾಠದೊಡನೆ ಮತ್ತೊಂದು ಪಾಠವೂ ದಕ್ಕಿತು. ಅಷ್ಟು ವಿಸ್ತಾರವಾದ ಭಿತ್ತಿಯನ್ನು ತುಂಬಿಸಿದವರಲ್ಲಿ ಒಬ್ಬನ ಹೆಸರೂ ಅಲ್ಲಿ ಮೆರೆಯುತ್ತಿಲ್ಲ. ಹಲವು ಕೈಗಳು ಒಂದು ಕೈಯಂತೆ ದುಡಿದಿವೆ. ೧೯೨೧ರಲ್ಲಿ ಬಾಘ್ ಗುಹೆಗಳ ಚಿತ್ರಗಳನ್ನು ಪ್ರತಿಮಾಡಿದಾಗ ಈ ಪಾಠ ಇನ್ನಷ್ಟು ಗಟ್ಟಿಯಾಯಿತು.

ರವೀಂದ್ರನಾಥ ಠಾಕೂರರು ಶಾಂತಿನಿಕೇತನದಲ್ಲಿ ೧೯೧೯ರಲ್ಲಿ ಕಲಾಭವನವನ್ನು ಸ್ಥಾಪಿಸಿದರು. ನಂದಲಾಲರು ಕೆಲಕಾಲ ಕಲ್ಕತ್ತೆಗೂ ಅಲ್ಲಿಗೂ ಓಡಾಡಿ, ಕಡೆಗೆ ಅಲ್ಲಿಯೇ ನೆಲಸಿ, ೧೯೨೨ರಲ್ಲಿ ಅದರ ಮುಖ್ಯಸ್ಥರಾದರು. ೧೯೫೧ರಲ್ಲಿ ನಿವೃತ್ತರಾಗುವವರೆಗೂ ಆ ಸ್ಥಾನವನ್ನು ಬಿಡಲಿಲ್ಲ. ಕಲ್ಕತ್ತೆಯಲ್ಲಿದ್ದಿದ್ದರೆ ಚಿತ್ರಗಳಿಗೆ ಬೆಲೆ ಬರುತ್ತಿತ್ತು, ಸಿರಿವಂತರ ಆಶ್ರಯವಿತ್ತು. ಬೀರಭೂಮಿಯ ಕೆಮ್ಮಣ್ಣಿನ ಬಯಲಿನಲ್ಲಿ ಇದ್ದುದು ತಾಳೆಮರಗಳು, ಸಂತಾಲರ ಗುಡಿಸಲುಗಳು, ಅಲ್ಪವೇತನ. ಅದನ್ನೇ ಅವರು ಆರಿಸಿಕೊಂಡರು. ಶಿಷ್ಯರೆಲ್ಲರೂ ಅವರನ್ನು ಮಾಸ್ಟರ್‌ಮಶಾಯ್ ಎಂದೇ ಕರೆಯುತ್ತಿದ್ದರು. ಅಂಚೆಯ ಕಾರ್ಡುಗಳ ಮೇಲೆ ಎಡೆಬಿಡದೆ ಚಿತ್ರ ಬರೆಯುವುದು, ಬರೆದುದನ್ನು ಶಿಷ್ಯರಿಗೂ ಸ್ನೇಹಿತರಿಗೂ ಕಳುಹಿಸಿಬಿಡುವುದು ಅವರ ಅಭ್ಯಾಸವಾಗಿತ್ತು.

ಆಶ್ರಮದಲ್ಲಿ ಋತುಋತುವಿಗೂ ಉತ್ಸವ: ವಸಂತೋತ್ಸವ, ವರ್ಷಾಮಂಗಲ, ವೃಕ್ಷಾರೋಪಣ, ಪೌಷದ ಮೇಳ. ಒಂದೊಂದಕ್ಕೂ ನೆಲದ ಮೇಲೆ ಆಲ್ಪನಾ ಮೂಡಬೇಕು, ಚಪ್ಪರ ಏಳಬೇಕು, ನಾಟ್ಯಕ್ಕೆ ವೇಷಭೂಷಣ ಸಿದ್ಧವಾಗಬೇಕು. ಆಲ್ಪನಾ ಎಂದರೆ ಬಂಗಾಳದ ಮನೆಗಳಲ್ಲಿ ವ್ರತದ ದಿನ ಹೆಂಗಸರು ಅಕ್ಕಿಹಿಟ್ಟನ್ನು ಕಲಸಿದ ನೀರಿನಿಂದ ನೆಲದ ಮೇಲೆ ಬೆರಳಲ್ಲಿ ಬರೆಯುವ ರಂಗವಲ್ಲಿ. ಇದನ್ನು ಕಲಾಶಾಲೆಯ ಪಾಠಪಟ್ಟಿಯೊಳಗೆ ತರಬೇಕೆಂದು ಯಾವ ಸರಕಾರಿ ಪಂಡಿತನಿಗೂ ಹೊಳೆದಿರಲಿಲ್ಲ. ಕಲಾಭವನದಲ್ಲಿ ಸುಕುಮಾರೀದೇವಿ ಎಂಬ ಗೃಹಿಣಿಯೇ ಅದರ ಗುರುವಾದರು. ನಂದಲಾಲರ ಹೆಣ್ಣುಮಕ್ಕಳಾದ ಗೌರಿ ಮತ್ತು ಯಮುನಾ ಇಬ್ಬರೂ ಆ ವಿದ್ಯೆಯಲ್ಲಿ ಹೆಸರಾದರು. ಒಂದೇ ಉತ್ಸವಕ್ಕಾಗಿ ಹೊತ್ತುಗಟ್ಟಲೆ ಬಾಗಿ ಬರೆದ ಆಲ್ಪನಾ ಮರುದಿನ ಜನರ ಕಾಲ್ತುಳಿತಕ್ಕೆ ಸಿಕ್ಕಿ ಅಳಿಯುತ್ತದೆ. ಅಳಿದುದಕ್ಕೆ ಯಾರೂ ಕೊರಗುವುದಿಲ್ಲ. ಚಿತ್ರಕಾರನ ಅಹಂಕಾರವನ್ನು ಕರಗಿಸಲು ಇದಕ್ಕಿಂತ ಮಿಗಿಲಾದ ಸಾಧನ ಬೇರೊಂದಿದ್ದೀತೆ?

ಆಶ್ರಮದ ಪಕ್ಕದ ಸುರೂಲಿನಲ್ಲಿ ೧೯೨೨ರಲ್ಲಿ ಗ್ರಾಮಪುನರುಜ್ಜೀವನಕ್ಕಾಗಿ ಶ್ರೀನಿಕೇತನ ಹುಟ್ಟಿತ್ತು. ಅಲ್ಲಿ ೧೯೨೮ರಲ್ಲಿ ಹಲಕರ್ಷಣವೆಂಬ ನೇಗಿಲಹಬ್ಬ ಆರಂಭವಾಯಿತು. ಅಲಂಕರಿಸಿದ ಎತ್ತುಗಳನ್ನು ಹೂಡಿ, ಮಂತ್ರಗಾನಗಳ ನಡುವೆ ನೆಲವನ್ನು ಉಳುವ ಈ ಉತ್ಸವದಲ್ಲಿ ವಿಶ್ವಕವಿಯೂ ಸುತ್ತಣ ಹಳ್ಳಿಗರೂ ಕೂಡಿದರು. ೧೯೩೦ರಲ್ಲಿ ನಂದಲಾಲರು ಇದನ್ನೇ ಶ್ರೀನಿಕೇತನದ ಗೋಡೆಯ ಮೇಲೆ ಭಿತ್ತಿಚಿತ್ರವಾಗಿ ಮೂಡಿಸಿದರು. ಹಸಿ ಗಾರೆ ಆರುವ ಮೊದಲೇ ಬಣ್ಣವನ್ನು ಹಚ್ಚಿ ಮುಗಿಸಬೇಕಾದ ಕಷ್ಟದ ವಿಧಾನವಿದು. ಇದನ್ನು ಕಲಿಸಲು ಜಯಪುರದಿಂದ ನರಸಿಂಗಲಾಲ್ ಎಂಬ ಪರಂಪರೆಯ ಕುಶಲಕರ್ಮಿಯನ್ನು ೧೯೨೭ರಲ್ಲಿಯೇ ಕರೆಸಿ, ಶಿಷ್ಯರೊಡನೆ ಗುರುವೂ ಕಲಿತಿದ್ದುಂಟು. ಸುಣ್ಣ ಅರೆಯುವುದರಿಂದ ಗಾರೆ ನುಣುಪು ಮಾಡುವವರೆಗೆ ಎಲ್ಲ ಕೆಲಸವೂ ಕೂಡಿ ಮಾಡಬೇಕಾದದ್ದು. ಗಾರೆ ಕಲಸುವವನು ಕೀಳು, ಕುಂಚ ಹಿಡಿದವನು ಮೇಲು ಎಂಬ ಭಾವಕ್ಕೆ ಎಡೆಯೇ ಇಲ್ಲ.

ವಿದ್ಯಾರ್ಥಿಗಳ ವಾಸಕ್ಕೆಂದು ಮೂವತ್ತರ ದಶಕದಲ್ಲಿ ಎದ್ದ ಕಾಲೋ ಬಾರಿ, ಎಂದರೆ ಕರಿಮನೆ, ಈ ಸಹಕಾರದ ಇನ್ನೊಂದು ಫಲ. ಮಣ್ಣಿನ ಗೋಡೆಯ ಮೇಲೆ ಗುರುಶಿಷ್ಯರು ಸೇರಿ ಉಬ್ಬುಚಿತ್ರಗಳನ್ನು ಮಾಡಿದರು. ಭಾರಹುತ, ಮಹಾಬಲಿಪುರ, ಮೊಹೆಂಜೊದಾರೊ ಮುದ್ರೆಗಳು, ಈಜಿಪ್ಟ್ ಅಸ್ಸೀರಿಯಗಳ ಶಿಲ್ಪ ಇವೆಲ್ಲ ಹುಡುಗರ ಕೈಯಲ್ಲಿ ಮರುಹುಟ್ಟು ಪಡೆದು, ಹುಡುಗರ ಕೋಣೆಯ ಹೊರಗೋಡೆಯಾದುವು. ಮಳೆಗೂ ಗೆದ್ದಲಿಗೂ ಹೆದರಿ ಮೇಲೆ ಡಾಂಬರು ಬಳಿದರು. ಕಪ್ಪುಬಣ್ಣ ಬಂದದ್ದು ಸೌಂದರ್ಯಶಾಸ್ತ್ರದಿಂದಲ್ಲ, ಬಡತನದಿಂದ ಮತ್ತು ಜಾಣತನದಿಂದ. ಆದರೂ ಬೆಳಗಿನ ಓರೆಬಿಸಿಲು ಬಿದ್ದಾಗ ಆ ಮಣ್ಣಿನ ಮನೆ ಎರಕದ ಲೋಹದಂತೆ ಹೊಳೆಯುತ್ತದೆ.

ಮಕ್ಕಳಿಗಾಗಿ ರವೀಂದ್ರನಾಥರು ಬರೆದ ಸಹಜ ಪಾಠ ಎಂಬ ಬಂಗಾಳಿ ಬಾಲಬೋಧೆ ೧೯೩೦ರಲ್ಲಿ ಹೊರಬಂದಿತು. ಅದಕ್ಕೆ ಚಿತ್ರ ಒದಗಿಸಿದವರೂ ನಂದಲಾಲರೇ. ಲಿನೋಲಿಯಂ ಹಾಳೆಯನ್ನು ಕೊರೆದು ಅಚ್ಚೊತ್ತಿದ ಕಪ್ಪುಬಿಳುಪಿನ ಚಿತ್ರಗಳವು. ಅಗ್ಗವಾಗಿ ಸಾವಿರಾರು ಪ್ರತಿ ತೆಗೆಯಬಹುದಾದ ಈ ವಿಧಾನದಿಂದಲೇ ಅದೇ ವರ್ಷ ದಂಡೀಯಾತ್ರೆಯ ಗಾಂಧೀಜಿಯವರ ಚಿತ್ರವೂ ಹುಟ್ಟಿತು. ಕೋಲು ಹಿಡಿದು ಮುಂದಡಿಯಿಡುತ್ತಿರುವ ಆಕೃತಿ, ಕರಿಯ ಹಿನ್ನೆಲೆ, ಕೆಲವೇ ಬಿಳಿಯ ಗೆರೆಗಳು. ಮಹಾತ್ಮರ ಭಾವಚಿತ್ರಗಳು ಎಷ್ಟೋ ಬಂದಿವೆ. ಮುಖದ ವಿವರವನ್ನು ಬಿಟ್ಟು ನಡಿಗೆಯನ್ನು ಹಿಡಿದದ್ದು ಇದೊಂದೇ ಎನ್ನಬೇಕು.

ಮಹಾತ್ಮರ ಕರೆ ಬಂದದ್ದು ಅನಂತರ. ೧೯೩೬ರ ಲಖನೌ ಕಾಂಗ್ರೆಸ್ ಅಧಿವೇಶನದಲ್ಲಿ ಭಾರತೀಯ ಕಲೆಯ ಪ್ರದರ್ಶನವೊಂದನ್ನು ಏರ್ಪಡಿಸುವ ಹೊಣೆಯನ್ನು ಅವರು ನಂದಲಾಲರಿಗೆ ವಹಿಸಿದರು. ಅದೇ ವರ್ಷ ಡಿಸೆಂಬರಿನಲ್ಲಿ ಕಾಂಗ್ರೆಸ್ ಮೊತ್ತಮೊದಲಿಗೆ ಪಟ್ಟಣವನ್ನು ಬಿಟ್ಟು ಹಳ್ಳಿಯಲ್ಲಿ, ಖಾನದೇಶದ ಫೈಜಪುರದಲ್ಲಿ, ಸೇರಿತು. ಅಲ್ಲಿ ತಿಲಕನಗರವೆಂಬ ಬಿಡಾರವನ್ನೇ ಕಟ್ಟಬೇಕಾಯಿತು. ತಾನು ಚಿತ್ರಕಾರನೇ ಹೊರತು ವಾಸ್ತುಶಿಲ್ಪಿಯಲ್ಲವೆಂದು ನಂದಲಾಲರು ಹಿಂಜರಿದದ್ದುಂಟು. ಗಾಂಧೀಜಿಯವರಿಗೆ ಬೇಕಾಗಿದ್ದುದು ದೊಡ್ಡ ವಿದ್ಯೆಯ ಪ್ರದರ್ಶನವಲ್ಲ; ಹಳ್ಳಿಯಲ್ಲಿ ಸಿಗುವ ಸಾಮಗ್ರಿಯಿಂದ, ಹಳ್ಳಿಯ ಕೆಲಸಗಾರರ ಕೈಯಿಂದ ಆಗುವ ಕೆಲಸ. ಬಿದಿರು, ಚಾಪೆ, ಹುಲ್ಲು, ಖಾದಿ ಇವುಗಳಿಂದಲೇ ನಗರ ಎದ್ದಿತು. ಕನ್ನಡಿಗರು ೧೯೨೪ರಲ್ಲಿ ಬೆಳಗಾವಿಯ ಅಧಿವೇಶನಕ್ಕೆ ವಿಜಯನಗರವೆಂದು ಹೆಸರಿಟ್ಟು ಗತವೈಭವವನ್ನು ನೆನೆದಿದ್ದರು. ಫೈಜಪುರದ ವೈಭವ ಬೇರೆ ಬಗೆಯದು. ಅದು ಬಡಗಿಯೂ ಮೇದಾರನೂ ಕಟ್ಟಿದ್ದು.

ಅನಂತರ ಬಂದದ್ದು ಹರಿಪುರ. ೧೯೩೮ರ ಫೆಬ್ರವರಿಯಲ್ಲಿ, ಸೂರತ್ ಜಿಲ್ಲೆಯ ತಪತೀ ನದಿಯ ದಡದ ಈ ಹಳ್ಳಿಯಲ್ಲಿ ಸುಭಾಷಚಂದ್ರ ಬೋಸರ ಅಧ್ಯಕ್ಷತೆಯಲ್ಲಿ ೫೧ನೆಯ ಅಧಿವೇಶನ ನಡೆಯಿತು. ವಿಠ್ಠಲನಗರವೆಂದು ಬಿಡಾರಕ್ಕೆ ಹೆಸರು. ೫೧ ಮಹಾದ್ವಾರಗಳು, ಅಧ್ಯಕ್ಷರ ರಥಕ್ಕೆ ೫೧ ಎತ್ತುಗಳು. ಸುತ್ತಣದು ಬಾರ್ಡೋಲಿ ಸೀಮೆ. ಹತ್ತು ವರ್ಷಗಳ ಹಿಂದೆ, ೧೯೨೮ರಲ್ಲಿ, ಕಂದಾಯದ ಹೆಚ್ಚಳವನ್ನು ಪ್ರತಿಭಟಿಸಿ, ಜಪ್ತಿಗೂ ಜಗ್ಗದೆ ವಲ್ಲಭಭಾಯಿ ಪಟೇಲರ ಹಿಂದೆ ನಿಂತವರು ಇಲ್ಲಿಯ ಒಕ್ಕಲಿಗರು. ಅಂಥವರ ನೆಲದಲ್ಲಿ ಸಭೆ ಸೇರಿದಾಗ, ಚಿತ್ರವನ್ನು ಪ್ರದರ್ಶನದ ಕೊಠಡಿಯೊಳಗೆ ಬಚ್ಚಿಡುವುದು ಹೇಗೆ? ದಾರಿಯಲ್ಲಿ ನಡೆದು ಹೋಗುವವರ ಕಣ್ಣಿಗೆ ಬೀಳುವಂತೆ ಚಿತ್ರಗಳಿರಬೇಕೆಂದು ಗಾಂಧೀಜಿಯವರ ಅಪೇಕ್ಷೆ. ನಂದಲಾಲರು ಸ್ಥಳವನ್ನು ನೋಡಿಬಂದು ಕೆಲಸಕ್ಕೆ ಕೈಹಾಕಿದರು.

ಸುಮಾರು ಎರಡಡಿ ಅಳತೆಯ ರಟ್ಟಿನ ಮೇಲೆ ಅಂಟಿಸಿದ ಕೈಕಾಗದ. ಕಾವಿ, ಹಳದಿಮಣ್ಣು, ಸುಣ್ಣದ ಬಿಳುಪು, ಕಾಡಿಗೆಯಂತಹ ನೆಲಮೂಲದ ಬಣ್ಣಗಳು. ಕಾಲೀಘಾಟಿನ ಪಟಚಿತ್ರಕಾರರಂತೆ ಒಂದೇ ಬೀಸಿಗೆ ಎಳೆದ ದಪ್ಪ ಗೆರೆ. ಎಂಬತ್ತಕ್ಕೂ ಹೆಚ್ಚು ಚಿತ್ರಗಳನ್ನು ನಂದಲಾಲರೇ ಬರೆದರು. ಅವುಗಳನ್ನು ನೋಡಿ ಕಲಾಭವನದ ಶಿಷ್ಯರು ಪ್ರತಿಗಳನ್ನು ಮಾಡಿದರು. ಎಲ್ಲವೂ ಸೇರಿ ಸುಮಾರು ನಾನೂರಾದುವು. ಗುರುವಿನ ಚಿತ್ರ ಯಾವುದು, ಶಿಷ್ಯನದು ಯಾವುದು ಎಂದು ದಾರಿಹೋಕನು ಕೇಳುವಂತಿರಲಿಲ್ಲ. ಅಜಂತೆಯ ಪಾಠ ಇಲ್ಲಿ ಫಲಿಸಿತು. ಮಂಟಪದ ಕಮಾನಿನಂತೆ ಬರೆದ ಅಂಚಿನೊಳಗೆ ಒಬ್ಬೊಬ್ಬ ಮನುಷ್ಯ. ಪೂರ್ವದಲ್ಲಿ ಆ ಕಮಾನಿನೊಳಗೆ ದೇವತೆ ನಿಲ್ಲುತ್ತಿದ್ದನು, ಅರಸನು ಕೂರುತ್ತಿದ್ದನು. ಇಲ್ಲಿ ಹತ್ತಿ ಹಿಂಜುವವನು ಬಿಲ್ಲು ಮಿಡಿಯುತ್ತಾನೆ. ಚಮ್ಮಾರನು ಚರ್ಮ ಹೊಲಿಯುತ್ತಾನೆ. ಕುಂಬಾರನು ತಿಗರಿಯ ಮುಂದೆ ಕುಳಿತಿದ್ದಾನೆ. ದರ್ಜಿಯೂ ಬಡಗಿಯೂ ತಮ್ಮ ಕಾಯಕದಲ್ಲಿ ಮಗ್ನರು. ಹೆಂಗಸು ಧಾನ್ಯ ಕುಟ್ಟುತ್ತಾಳೆ, ನೂಲುತ್ತಾಳೆ, ಮಗುವಿಗೆ ಹಾಲೂಡುತ್ತಾಳೆ. ಡೊಳ್ಳು ಬಡಿಯುವವನು, ಕಹಳೆ ಊದುವವನು, ಹೋರಿಯನ್ನು ಪಳಗಿಸುವವನು, ಬೇಟೆಗಾರ ಎಲ್ಲರೂ ಉಂಟು. ಯಾವ ಮುಖಂಡನ ಭಾವಚಿತ್ರವೂ ಇಲ್ಲ. ಘೋಷಣೆಯೂ ಇಲ್ಲ. ಪರಸರಕಾರದ ವಿರುದ್ಧ ಹೋರಾಡುತ್ತಿದ್ದ ಸಂಸ್ಥೆಯ ಹೆಬ್ಬಾಗಿಲಲ್ಲಿ ಹೋರಾಟದ ಚಿತ್ರವೊಂದೂ ಇಲ್ಲದೆ, ಉಂಡುಟ್ಟು ದುಡಿಯುವ ಜನರ ಚಿತ್ರ ಮಾತ್ರ ಇದ್ದುದನ್ನು ಚೆನ್ನಾಗಿ ಮನಗಾಣಬೇಕು. ನಗರದ ವಕೀಲರು ಭಾಷಣ ಮಾಡುವ ಕೂಟವಿದೆಂದು ಸಂಕೋಚದಿಂದ ಬಂದ ಹಳ್ಳಿಗನಿಗೆ, ಈ ಮನೆ ನಿನ್ನದೇ ಎಂದು ಅಕ್ಷರಜ್ಞಾನದ ಹಂಗಿಲ್ಲದೆ ತಿಳಿಸುವ ಬೇರೆ ಉಪಾಯ ಯಾವುದಿತ್ತು?

ಈ ಚಿತ್ರಗಳನ್ನು ಕುರಿತು ಆಕ್ಷೇಪವೂ ಉಂಟು. ಇವುಗಳಲ್ಲಿ ಕಾಣುವ ಹಳ್ಳಿಯಲ್ಲಿ ಸಾಲವಿಲ್ಲ, ಬರವಿಲ್ಲ, ಮೇಲುಕೀಳಿನ ನೋವಿಲ್ಲ; ಎಲ್ಲರೂ ದಷ್ಟಪುಷ್ಟರು, ಎಲ್ಲರೂ ನಿಶ್ಚಿಂತರು. ಈ ಮಾತನ್ನು ತಳ್ಳಿಹಾಕಲಾಗದು. ಹಳ್ಳಿಗರು ಇಲ್ಲಿ ಚಿತ್ರಕ್ಕೆ ವಸ್ತುವಾದರು, ಪ್ರೇಕ್ಷಕರಾದರು. ಕುಂಚವನ್ನು ಹಿಡಿದವರು ಕಲಾಭವನದ ಗುರುಶಿಷ್ಯರೇ ಎಂಬುದೂ ನಿಜ. ಆದರೆ ಹಬ್ಬದ ದಿನ ಬಾಗಿಲಿಗೆ ತೋರಣ ಕಟ್ಟುವವನು ಮನೆಯ ಸಾಲಪತ್ರವನ್ನು ತೂಗಹಾಕುವುದಿಲ್ಲ. ನೋವನ್ನು ಅರಿಯದ ಮನಸ್ಸೂ ಅವರದಾಗಿರಲಿಲ್ಲ. ೧೯೪೩ರಲ್ಲಿ ಬಂಗಾಳವು ಮಹಾಕ್ಷಾಮಕ್ಕೆ ತುತ್ತಾಗಿ, ಕಲ್ಕತ್ತೆಯ ಬೀದಿಗಳಲ್ಲಿ ಗಂಜಿಗಾಗಿ ಗೋಗರೆಯುತ್ತ ಜನ ಸತ್ತರು. ಆಗ ನಂದಲಾಲರು ಅನ್ನಪೂರ್ಣೆಯ ಚಿತ್ರವನ್ನು ಬರೆದರು. ಭಿಕ್ಷಾಪಾತ್ರೆಯನ್ನು ಹಿಡಿದು ಬಂದ ಶಿವನು ಅಲ್ಲಿ ಬರಿಯ ಎಲುಬಿನ ಗೂಡು. ಯೌವನದಲ್ಲಿ ಶಿವನನ್ನು ಅಷ್ಟು ಸೌಮ್ಯವಾಗಿ ಬರೆದ ಕೈ, ಅರುವತ್ತರ ವಯಸ್ಸಿನಲ್ಲಿ ಅವನನ್ನು ಹಸಿದವರ ಸಾಲಿನಲ್ಲಿ ನಿಲ್ಲಿಸಿತು.

ಬರೋಡೆಯ ಗಾಯಕವಾಡ ಅರಸರ ಕೀರ್ತಿಮಂದಿರದಲ್ಲಿ ೧೯೩೯ರಿಂದ ೧೯೪೬ರವರೆಗೆ ನಾಲ್ಕು ಗೋಡೆಗಳನ್ನು ತುಂಬಿಸಿದ ಗಂಗಾವತರಣ, ಮೀರಾಬಾಯಿ, ನಟೀರ್ ಪೂಜಾ, ಮಹಾಭಾರತದ ಚಿತ್ರಗಳೂ, ಶಾಂತಿನಿಕೇತನದ ಚೀನಾಭವನದಲ್ಲಿ ೧೯೪೨ರಲ್ಲಿ ಬರೆದ ಭಿತ್ತಿಚಿತ್ರವೂ ಪ್ರೌಢಿಮೆಯಲ್ಲಿ ಮಿಗಿಲಾದುವು. ಅವನ್ನು ಇಲ್ಲಿ ಹೆಸರಿಸಿದರೆ ಸಾಕು.

ಶಿಷ್ಯರ ವಿಷಯವನ್ನು ಮಾತ್ರ ಬಿಡಲಾಗದು. ಬಿನೋದಬಿಹಾರಿ ಮುಖರ್ಜಿಯವರಿಗೆ ಹುಟ್ಟಿನಿಂದಲೇ ದೃಷ್ಟಿಮಾಂದ್ಯ. ಕಣ್ಣೇ ಸರಿಯಿಲ್ಲದ ಹುಡುಗನಿಗೆ ಚಿತ್ರವಿದ್ಯೆಯೇ ಎಂದು ಯಾವ ಶಾಲೆಯಾದರೂ ಹಿಂದೆಗೆಯುತ್ತಿತ್ತು. ಕಲಾಭವನ ಅವರನ್ನು ಹಿಂದಕ್ಕೆ ಕಳುಹಿಸಲಿಲ್ಲ. ಅವರೇ ೧೯೪೬-೪೭ರಲ್ಲಿ ಹಿಂದೀಭವನದ ಗೋಡೆಯ ಮೇಲೆ ಮಧ್ಯಯುಗದ ಸಂತರ ಮಹಾಚಿತ್ರವನ್ನು ಬರೆದರು. ಮುಂದೆ ಪೂರ್ತಿ ಕುರುಡಾದ ಮೇಲೂ ಕಲೆಯನ್ನು ಬಿಡಲಿಲ್ಲ. ಅವರನ್ನು ಕುರಿತು ೧೯೭೨ರಲ್ಲಿ ಚಲನಚಿತ್ರ ತೆಗೆದ ಸತ್ಯಜಿತ್ ರಾಯ್‌ರವರೂ ೧೯೪೦ರಿಂದ ಸುಮಾರು ಎರಡು ವರ್ಷಗಳ ಕಾಲ ಆ ಕಲಾಭವನದ ವಿದ್ಯಾರ್ಥಿಯೇ. ಬಾಂಕುಡೆಯ ಬಡ ಕ್ಷೌರಿಕ ಮನೆತನದಿಂದ ೧೯೨೫ರಲ್ಲಿ ಬಂದ ರಾಮಕಿಂಕರ ಬೈಜರು ೧೯೩೮ರಲ್ಲಿ ಸಂತಾಲ ಕುಟುಂಬವೊಂದನ್ನು ಬಯಲಿನಲ್ಲಿಯೇ ಆಳೆತ್ತರಕ್ಕಿಂತ ದೊಡ್ಡದಾಗಿ ನಿಲ್ಲಿಸಿದರು. ಅವರ ಶೈಲಿ ಗುರುವಿನ ಶೈಲಿಗೆ ಬಹುದೂರವಾದುದು. ಗುರುಗಳು ಎಲ್ಲವನ್ನೂ ಮೆಚ್ಚಿದರೆಂದಲ್ಲ. ಆದರೆ ಶಿಷ್ಯನ ಕೈಯನ್ನು ಕಟ್ಟಿಹಾಕಲಿಲ್ಲ.

ದೇಶ ಸ್ವತಂತ್ರವಾಗಿ ಸಂವಿಧಾನ ಸಿದ್ಧವಾದಾಗ, ಕೈಬರಹದ ಮೂಲಪ್ರತಿಯನ್ನು ಅಲಂಕರಿಸುವ ಹೊಣೆ ನಂದಲಾಲರ ಪಾಲಿಗೆ ಬಂದಿತು. ಇಂಗ್ಲಿಷ್ ಪ್ರತಿಯ ಸುಂದರ ಲಿಪಿ ಪ್ರೇಮಬಿಹಾರಿ ನಾರಾಯಣ ರಾಯಜಾದಾ ಅವರದು. ಚಿತ್ರಗಳು ನಂದಲಾಲರ ಮಾರ್ಗದರ್ಶನದಲ್ಲಿ ಅವರ ಶಿಷ್ಯರೂ ಮಕ್ಕಳೂ ಕೂಡಿ ಮಾಡಿದವು. ಪೀಠಿಕೆಯ ಪುಟದ ಅಲಂಕಾರ ಜಬಲಪುರದ ಬ್ಯೋಹಾರ್ ರಾಮಮನೋಹರ ಸಿಂಹರ ಕೈಯದು. ಒಟ್ಟು ೨೨ ಭಾಗಗಳಿಗೆ ೨೨ ಚಿತ್ರಗಳು. ಮೊಹೆಂಜೊದಾರೊ ಹೋರಿಯ ಮುದ್ರೆಯಿಂದ ತೊಡಗಿ ಗುರುಕುಲ, ಬುದ್ಧ, ಮಹಾವೀರ, ಅಶೋಕ, ನಾಲಂದಾ, ನಟರಾಜ, ಅಕ್ಬರ್, ಶಿವಾಜಿ, ಗುರು ಗೋವಿಂದಸಿಂಹ, ಝಾನ್ಸಿಯ ಲಕ್ಷ್ಮೀಬಾಯಿಯೊಡನೆ ಒಂದೇ ಪುಟದಲ್ಲಿ ಮೈಸೂರಿನ ಟೀಪೂ ಸುಲ್ತಾನ, ದಂಡಿಯ ಹಾದಿಯ ಗಾಂಧೀಜಿ, ಕಡೆಯಲ್ಲಿ ಹಿಮಾಲಯ, ಮರುಭೂಮಿ, ಸಮುದ್ರ. ೧೯೫೦ರ ಜನವರಿ ೨೪ರಂದು ೨೮೪ ಮಂದಿ ಸದಸ್ಯರು ಸಹಿ ಹಾಕಿದ್ದು ಈ ಚಿತ್ರಗಳಿದ್ದ ಪ್ರತಿಗೆ. ಹರಿಪುರದಲ್ಲಿ ಹೆಬ್ಬಾಗಿಲಿಗೆ ತೂಗಿದ ಚಿತ್ರ ಹನ್ನೆರಡು ವರ್ಷಗಳಲ್ಲಿ ರಾಜ್ಯಶಾಸನದ ಅಂಚಿಗೆ ಬಂದಿತೆನ್ನಬಹುದು. ಆದರೆ ಒಂದು ಭೇದವುಂಟು. ಹರಿಪುರದ ಚಿತ್ರವನ್ನು ಬಂಡಿಯ ಮೇಲಿಂದ ಒಕ್ಕಲಿಗನು ಕಂಡನು. ಈ ಪ್ರತಿಯನ್ನು ಸಂಸತ್ತಿನ ಗ್ರಂಥಾಲಯದಲ್ಲಿ ಭದ್ರವಾಗಿ ಮುಚ್ಚಿಡಲಾಗಿದೆ. ಕಾಗದ ಉಳಿಯಬೇಕಾದರೆ ಹಾಗೆ ಮಾಡದೆ ವಿಧಿಯಿಲ್ಲ. ಶಾಲೆಗಳಲ್ಲಿ ಅದರ ಮುದ್ರಿತ ಪ್ರತಿಯನ್ನಾದರೂ ಮಕ್ಕಳ ಕೈಗೆ ಕೊಟ್ಟು ಚಿತ್ರಗಳನ್ನು ತೋರಿಸಿದರೆ, ಪೌರನೀತಿಯ ಪಾಠ ಇಷ್ಟು ಸಪ್ಪೆಯಾಗಲಾರದು.

ವಿಶ್ವಭಾರತಿಯು ೧೯೫೨ರಲ್ಲಿ ದೇಶಿಕೋತ್ತಮ ಪದವಿಯನ್ನಿತ್ತು ಗೌರವಿಸಿತು. ೧೯೫೪ರಲ್ಲಿ ಪದ್ಮವಿಭೂಷಣ ಬಂದಿತು. ನಿವೃತ್ತಿಯ ಬಳಿಕವೂ ಅವರು ಚಿತ್ರ ಬರೆಯುವುದನ್ನು ನಿಲ್ಲಿಸಲಿಲ್ಲ. ಬಣ್ಣಗಳು ಕಡಮೆಯಾಗಿ, ಕರಿಯ ಮಸಿಯೊಂದೇ ಉಳಿಯುತ್ತ ಹೋಯಿತು. ೧೯೬೬ರ ಏಪ್ರಿಲ್ ೧೬ರಂದು ಕಲ್ಕತ್ತೆಯಲ್ಲಿ ಕಾಲವಶರಾದರು. ಹರಿಪುರದ ಚಿತ್ರಗಳಲ್ಲಿ ಎಷ್ಟೋ ಅಳಿದುಹೋದುವು. ಉಳಿದವುಗಳಲ್ಲಿ ಬಹುಪಾಲು ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾಸಂಗ್ರಹಾಲಯವನ್ನು ಸೇರಿದುವು. ೧೯೭೬ರಲ್ಲಿ ಅವರ ಕೃತಿಗಳೆಲ್ಲವನ್ನೂ ರಾಷ್ಟ್ರದ ಕಲಾನಿಧಿಯೆಂದು ಸರಕಾರ ಘೋಷಿಸಿದ್ದರಿಂದ ಅವನ್ನು ದೇಶದ ಹೊರಗೆ ಮಾರುವಂತಿಲ್ಲ. ೨೦೧೯ರಲ್ಲಿ ಹರಿಪುರದ ಕೆಲವು ಚಿತ್ರಗಳು ಇಟಲಿಯ ವೆನಿಸ್ ನಗರದ ಅಂತರರಾಷ್ಟ್ರೀಯ ಕಲಾಪ್ರದರ್ಶನಕ್ಕೆ ಹೋಗಿ ಬಂದುವು. ತಪತೀತೀರದ ಧೂಳಿನಲ್ಲಿ ಬಿಸಿಲಿಗೆ ಒಡ್ಡಿಕೊಂಡು ನಿಂತಿದ್ದ ಚಮ್ಮಾರನೂ ಹತ್ತಿ ಹಿಂಜುವವನೂ ಸಮುದ್ರ ದಾಟಿ ಪರದೇಶದವರ ಮುಂದೆ ನಿಂತರು.

ಕಲಾಭವನದಲ್ಲಿ ಗುರುಗಳ ಜನ್ಮದಿನದ ನೆನಪಿಗೆ ೧೯೭೩ರಿಂದ ನಂದನಮೇಳವೆಂಬ ಸಂತೆ ಡಿಸೆಂಬರ್ ೧ ಮತ್ತು ೨ರಂದು ನಡೆದುಬಂದಿದೆ. ಅಧ್ಯಾಪಕರೂ ವಿದ್ಯಾರ್ಥಿಗಳೂ ಹಳೆಯ ವಿದ್ಯಾರ್ಥಿಗಳೂ ತಾವೇ ಮಾಡಿದ ಚಿತ್ರ, ಮಣ್ಣಿನ ಸಾಮಾನು, ಮುದ್ರಣಗಳನ್ನು ಮರದ ನೆರಳಿನ ಅಂಗಡಿಗಳಲ್ಲಿ ಇಟ್ಟು, ಯಾರು ಬೇಕಾದರೂ ಕೊಳ್ಳುವಂತಹ ಬೆಲೆಗೆ ಮಾರುತ್ತಾರೆ. ಬಂದ ಹಣ ವಿದ್ಯಾರ್ಥಿಗಳ ಕಷ್ಟಕಾಲದ ನೆರವಿಗೆಂದು ನಿಧಿಗೆ ಸಲ್ಲುತ್ತದೆ.